ದಂಡ ಕಟ್ಟಿಸಿಕೊಂಡು ಬಿಟ್ಟರೆ ಸಾಲದೇ?

ವಿದೇಶದಲ್ಲಿ ಹಣ ಬಚ್ಚಿಟ್ಟು ತೆರಿಗೆ ತಪ್ಪಿಸುವವರ ಮೇಲೆ ಸರ್ಕಾರ ಮೊಕದ್ದಮೆ ಹೂಡಬೇಕೇ, ದಂಡ ಕಟ್ಟಿಸಿಕೊಂಡು ಬಿಟ್ಟರೆ ಸಾಲದೇ? ನಾನು ತೆರಿಗೆ ಲೆಕ್ಕ ನೋಡುವವಳೆಂದು ತಿಳಿದೊಡನೆ ಎಲ್ಲರೂ ಕೇಳುವುದು ಇದನ್ನೇ. ಸಾಲದು. ಹೂಡಲೇಬೇಕು.

ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು, "ಅವರ ದುಡ್ಡು, ಎಲ್ಲಾದರೂ ಇಟ್ಟುಕೊಳ್ಳಲಿ ಬಿಡಮ್ಮ" ಎಂದರು. ಎಲೆಯ ಮೇಲಿನ ಹೋಳಿಗೆ ನನಗೆ ರುಚಿಸಲಿಲ್ಲ. ತೆರಿಗೆ ಕಟ್ಟಬೇಕಾದಷ್ಟು ಆದಾಯ ಮೇಷ್ಟ್ರಿಗಿಲ್ಲ. ಆದರೂ ಏಪ್ರಿಲ್ ಬಂತೆಂದರೆ, ಠೇವಣಿಯ ಬಡ್ಡಿಯಲ್ಲಿ ಟಿಡಿಎಸ್ ಎಂದು ತೆರಿಗೆ ಮುರಿದುಕೊಂಡಾರೆಂದು, ಅಷ್ಟು ಆದಾಯವಿಲ್ಲವೆಂಬ ನಮೂನೆ ಹಿಡಿದು ಬ್ಯಾಂಕಿನಲ್ಲಿ ಸರದಿ ನಿಲ್ಲುತ್ತಾರೆ. ಅವರ ಬಡ್ಡಿಯ ಲೆಕ್ಕ ಇಲಾಖೆಯ ಬೆರಳ ತುದಿಯಲ್ಲಿದೆ. ಆದರೆ ಸ್ವಿಟ್ಜರ್ಲೆಂಡಿನ ಜಿನೀವಾದ ಎಚ್‌ಎಸ್‌ಬಿಸಿ ಬ್ಯಾಂಕಿನಲ್ಲಿದ್ದ ಖಾತೆಗಳ ವಿಷಯ ತಿಳಿಯಬೇಕಾದರೆ ಹರ್ವೆ ಫಾಲ್ಸಿಯಾನಿ ಎಂಬ ಅದರ ನೌಕರ ಪಟ್ಟಿಯನ್ನು ಹೊರಗೆ ತರಬೇಕಾಯಿತು. ಅದರಲ್ಲಿದ್ದ ಭಾರತದ 628 ಹೆಸರುಗಳು ಫ್ರಾನ್ಸ್ ಮೂಲಕ 2011ರಲ್ಲಿ ನಮ್ಮ ಸರ್ಕಾರಕ್ಕೆ ಸಿಕ್ಕವು. ಹೊರದೇಶದಲ್ಲಿ ಖಾತೆ ಇರುವುದು ಅಪರಾಧವಲ್ಲ, ಅದನ್ನು ಮುಚ್ಚಿಡುವುದು ಅಪರಾಧ.

ಬಚ್ಚಿಟ್ಟದ್ದನ್ನು ತಾವಾಗಿ ಒಪ್ಪಿಕೊಳ್ಳಲು ಅವಕಾಶ ಕೊಡಲಿಲ್ಲವೆಂಬ ಮಾತೂ ಸುಳ್ಳು. 2015ರ ಕಪ್ಪುಹಣ ಕಾಯ್ದೆ ಆ ವರ್ಷದ ಸೆಪ್ಟೆಂಬರ್ 30ರವರೆಗೆ ಗಡುವು ಕೊಟ್ಟಿತ್ತು: ಶೇ 30 ತೆರಿಗೆ, ಅಷ್ಟೇ ದಂಡ, ಮೊಕದ್ದಮೆ ಇಲ್ಲ. ಆಮೇಲೆ ಸಿಕ್ಕಿಬಿದ್ದರೆ ತೆರಿಗೆಯ ಮೂರು ಪಟ್ಟು ದಂಡ. ಬೇಕೆಂದೇ ವಂಚಿಸಿದ್ದರೆ 3ರಿಂದ 10 ವರ್ಷ ಕಠಿಣ ಸಜೆ. ಬರೀ ದಂಡವಿದ್ದರೆ ಹಣವಂತರು ಅದನ್ನೂ ವ್ಯಾಪಾರದ ಖರ್ಚಿಗೆ ಬರೆದುಕೊಳ್ಳುತ್ತಾರೆ.

ಅಮೆರಿಕದ ಕಂಪನಿ ಕೊಟ್ಟ ನಾಲ್ಕು ಷೇರುಗಳನ್ನು ರಿಟರ್ನ್ಸ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ (ಶೆಡ್ಯೂಲ್ ಎಫ್‌ಎ) ತೋರಿಸಲು ಮರೆತ ಬೆಂಗಳೂರಿನ ಎಂಜಿನಿಯರ್ ಬೇರೆ. ಅವನನ್ನು ಈ ಗುಂಪಿಗೆ ಸೇರಿಸಿ ಹೆದರಿಸುವುದು ಅನ್ಯಾಯ.

ಯಾರೂ ಕೇಳದ ಪ್ರಶ್ನೆ ಒಂದಿದೆ: ಬಚ್ಚಿಡಲು ದಾರಿ ಮಾಡಿಕೊಟ್ಟವರು ಯಾರು? ಹಣವಂತ ತಾನೇ ಕುಳಿತು ತೆರಿಗೆಯಿಲ್ಲದ ಯಾವುದೋ ದ್ವೀಪದಲ್ಲಿ ಕಂಪನಿ ತೆರೆಯುವುದಿಲ್ಲ. ಹೆಸರಿಗೊಬ್ಬ ನಿರ್ದೇಶಕನನ್ನು ಹುಡುಕಿ, ಅವನ ಸಹಿ ಹಾಕಿಸಿ, ನಿಜವಾದ ಒಡೆಯನ ಹೆಸರು ಎಲ್ಲೂ ಕಾಣದಂತೆ ಕಾಗದ ಸಿದ್ಧಪಡಿಸಿ ಶುಲ್ಕ ಪಡೆಯುವವರಿದ್ದಾರೆ. ಇಂಥ ಕೆಲಸ ಮಾಡಿಕೊಡುತ್ತಿದ್ದ, ಪನಾಮಾ ದೇಶದ ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯ 1.15 ಕೋಟಿ ಕಡತಗಳು 2016ರಲ್ಲಿ ಬಯಲಾದವು. 2024ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಆ ಪ್ರಕರಣದ 28 ಆರೋಪಿಗಳನ್ನೂ ಖುಲಾಸೆ ಮಾಡಿತು. ಆ ಸುದ್ದಿ ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮ ಕಪ್ಪುಹಣ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ ಕುಮ್ಮಕ್ಕು ಕೊಟ್ಟವರಿಗೂ 6 ತಿಂಗಳಿಂದ 7 ವರ್ಷ ಸಜೆಯಿದೆ. ನನ್ನ ವೃತ್ತಿಯವರೂ ಅದರಡಿ ಬರುತ್ತಾರೆ. ಬರಲಿ. ಖಾತೆದಾರನಿಗೆ ಸಮನ್ಸ್ ಹೋದ ದಿನವೇ ಅವನ ಕಾಗದಪತ್ರ ಮಾಡಿಕೊಟ್ಟವರಿಗೂ ಹೋಗಬೇಕು.