ಎಲ್ಲಿ ಅಳ್ತಾನೆ ಸರ್?

ಕಳೆದ ಭಾನುವಾರ ಬಸವನಗುಡಿಯ ಮನೆಯೊಂದರ ಮಹಡಿಯಲ್ಲಿ ಕಥೆ ಓದುವ ಕೂಟ. ಇಪ್ಪತ್ತರ ಆಸುಪಾಸಿನ ಹುಡುಗಿ ತನ್ನ ಮೊದಲ ಕಥೆ ಓದಿ ಮುಗಿಸಿದ್ದಳು. ಹಿರಿಯರೊಬ್ಬರು ಕೇಳಿದರು: “ಅಲ್ಲಮ್ಮಾ, ಇಷ್ಟೆಲ್ಲ ಆದ್ರೂ ಆ ಹುಡುಗ ಅಳೋದೇ ಇಲ್ವಲ್ಲ? ಸಿಟ್ಟೂ ಬರಲ್ಲ.”

ಅವಳು ಹಾಳೆ ಮಡಿಸುತ್ತಾ ಹೇಳಿದಳು: “ಒಂದೇ ರೂಮು ಸರ್. ಎಲ್ಲಿ ಅಳ್ತಾನೆ?”

ವಾರ ಕಳೆದರೂ ಆ ಮಾತು ಬಿಟ್ಟು ಹೋಗಿಲ್ಲ.

ಕಥೆ ಇಷ್ಟೇ. ಲಗ್ಗೆರೆಯಲ್ಲಿ ಹತ್ತನೇ ಕ್ಲಾಸಿನ ಹುಡುಗ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಾಳೆ, ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಶನಿವಾರ ಮೇಸ್ತ್ರಿಗೆ ಕಟ್ಟು ಒಪ್ಪಿಸಿ ದುಡ್ಡು ತರುವುದು ಮಗನ ಕೆಲಸ. ಒಂದು ಶನಿವಾರ ಅದರಲ್ಲಿ 30 ರೂಪಾಯಿ ಎತ್ತಿಕೊಂಡು ಬೇಕರಿಯಲ್ಲಿ ಎಗ್ ಪಫ್ಸ್ ತಿನ್ನುತ್ತಾನೆ. “ಕಡ್ಡಿ ಹಸಿ ಇತ್ತಂತೆ, ದುಡ್ಡು ಹಿಡ್ಕೊಂಡ್ರು” ಅನ್ನುತ್ತಾನೆ ಅಮ್ಮನಿಗೆ. ಅವಳು ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಹಾಕುತ್ತಾಳೆ. ಹೊಟ್ಟೆ ತುಂಬಿದೆ ಅನ್ನುವ ಹಾಗಿಲ್ಲ. ತಿನ್ನುತ್ತಾನೆ.

ಪ್ರಶ್ನೆ ಕೇಳಿದವರು ಒಳ್ಳೆಯ ಓದುಗರು. ಬಂಡಾಯ ಸಾಹಿತ್ಯದ ಮೊದಲ ಸಮ್ಮೇಳನ 1979ರ ಮಾರ್ಚ್‌ನಲ್ಲಿ ನಡೆದದ್ದು ಇದೇ ಬೆಂಗಳೂರಿನಲ್ಲಿ. ಬಡವರ ಕಥೆಯಲ್ಲಿ ಸಿಟ್ಟನ್ನು ಗುರುತಿಸುವುದು ಆ ತಲೆಮಾರಿನಿಂದ ಬಂದ ದೊಡ್ಡ ಕಲಿಕೆ. ಆದರೆ ಈ ಹುಡುಗನಿಗೆ ಸಿಟ್ಟಿರುವುದು ಮುದ್ದೆ ಮುರಿದು ಹಾಕಿದ ಅಮ್ಮನ ಮೇಲೆ. ಅದನ್ನು ಅವನು ತನಗೇ ಹೇಳಿಕೊಳ್ಳಲಾರ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ತಿಂದು ಮುಗಿಸುತ್ತಾರೆ, ಅಲ್ಲಿ ಕಳವಿಗೂ ಒಂದು ಹಬ್ಬದ ಕಳೆ. ಇಲ್ಲಿ ಹುಡುಗ ಒಬ್ಬನೇ ತಿಂದ. ದೊಡ್ಡವನಾಗುವ ನೋವು ಅಲ್ಲೇ ಇದೆ, ಅಳು ಇಲ್ಲದಿದ್ದರೂ.

ಒಂದೇ ರೂಮು. ಬಡತನದ ಕಥೆಗಳು ಎಡವುವುದು ಹೆಚ್ಚಾಗಿ ಇಲ್ಲೇ. ಪಾತ್ರಕ್ಕೆ ಒಳಗುದಿ ಬಂತು ಅಂದರೆ ಬರೆಯುವವರು ತಕ್ಷಣ ಒಂದು ಕಿಟಕಿ ಕೊಡುತ್ತಾರೆ, ಟೆರೇಸ್ ಕೊಡುತ್ತಾರೆ, ನಿದ್ದೆ ಬಾರದ ರಾತ್ರಿ ಕೊಡುತ್ತಾರೆ. ಹತ್ತಡಿ ಹತ್ತಡಿ ಕೋಣೆಯಲ್ಲಿ ನಾಲ್ವರು ಮಲಗಿದರೆ ಮಗ್ಗುಲು ಬದಲಿಸಿದರೂ ಇನ್ನೊಬ್ಬರಿಗೆ ಗೊತ್ತಾಗುತ್ತದೆ. ನಾಲ್ಕು ಮನೆಗೆ ಒಂದೇ ಕಕ್ಕಸು. ಒಳಗೆ ಎರಡು ನಿಮಿಷ ಹೆಚ್ಚಾದರೆ ಹೊರಗೆ ಬಕೆಟ್ ಹಿಡಿದವರು ಬಾಗಿಲು ಬಡಿಯುತ್ತಾರೆ. ಹಾಗಾಗಿ ಬರೆಯುವ ಮೊದಲು ಹಾಳೆಯ ಮೇಲೆ ಆ ಕೋಣೆಯನ್ನು ಗೀಚಿಕೊಳ್ಳಬೇಕು: ಮಣೆ ಎಲ್ಲಿ, ಸ್ಟೌ ಎಲ್ಲಿ, ಯಾರ ತಲೆ ಯಾವ ಕಡೆ. ಆಗ ತಿಳಿಯುತ್ತದೆ, ಅವನು ಯೋಚಿಸುವುದು ಕೈಗೆ ಕೆಲಸ ಇರುವಾಗ ಮಾತ್ರ. ನೀರಿಗೆ ನಿಂತಾಗ, ಕಟ್ಟು ಹೊತ್ತು ನಡೆಯುವಾಗ. 2023ರ ಜೂನ್‌ನಿಂದ ಅಮ್ಮನಿಗೆ ಬಸ್ಸು ಉಚಿತ, ಮಗನಿಗೆ ಟಿಕೆಟ್. ಆದರೂ ಹೋಗುವವನು ಅವನೇ, ನಡೆದುಕೊಂಡು, ಯಾಕೆಂದರೆ ಅಮ್ಮ ಎದ್ದು ಹೋದರೆ ಅಷ್ಟು ಹೊತ್ತಿನ ಕಡ್ಡಿ ಹೋಯಿತು. ಈ ಲೆಕ್ಕವನ್ನು ಹುಡುಗಿ ಒಂದೇ ಸಾಲಿನಲ್ಲಿ ಬರೆದಿದ್ದಳು. ‘ಕಡುಬಡತನ’ ಅನ್ನುವ ಪದ ಕಥೆಯಲ್ಲಿ ಎಲ್ಲೂ ಇರಲಿಲ್ಲ. ಅವನ ಅಂಗಿಯೂ ಹರಿದಿರಲಿಲ್ಲ. ಒಡೆದಿದ್ದದ್ದು ಮೊಬೈಲಿನ ಗಾಜು.

ಸುಳ್ಳನ್ನಂತೂ ಬಹಳ ಚೆನ್ನಾಗಿ ಕಟ್ಟಿದ್ದಳು. ಇದ್ದಿಲು ಪುಡಿ, ಅಂಟಿಗೆ ಹಾಕುವ ಜಿಗಟ್ ಪುಡಿ ನೀರಲ್ಲಿ ಕಲಸಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಹೊಸೆದ ಮೇಲೆ ಅದು ಸರಿಯಾಗಿ ಆರಬೇಕು. ಮಳೆಗಾಲದಲ್ಲಿ ಹಸಿ ಉಳಿದರೆ ಕಡ್ಡಿಗೆ ಕಡ್ಡಿ ಅಂಟುತ್ತದೆ, ಬೂಸಲು ಹಿಡಿಯುತ್ತದೆ, ಮೇಸ್ತ್ರಿ ದುಡ್ಡು ಹಿಡಿಯುತ್ತಾನೆ. ಅಮ್ಮ ನಂಬಿದ್ದು ಅದಕ್ಕೇ. ಹುಡುಗ ಸುಳ್ಳು ಹೇಳಿದ್ದು ಅಮ್ಮನ ಕೆಲಸದ ಭಾಷೆಯಲ್ಲಿ, ತಪ್ಪು ಹೊರಿಸಿದ್ದು ಅವಳ ಕೈಗೆ. ಅವಳ ಬೆರಳ ಗೆರೆಗಳ ಕಪ್ಪು ಎಷ್ಟು ತೊಳೆದರೂ ಹೋಗದು ಅಂತ ಹುಡುಗಿ ಮೊದಲೇ ಬರೆದಿದ್ದಳು. ಮುದ್ದೆ ಮುರಿಯುವಾಗ ಆ ಬೆರಳು ಮತ್ತೆ ಕಾಣುತ್ತದೆ.

ಕೊನೆಯ ಸಾಲು ಮಾತ್ರ ಹೀಗಿತ್ತು: “ಅಂದು ಅವನು ದೊಡ್ಡವನಾದ.” ನಾಲ್ಕೈದು ಜನ ಅದನ್ನೇ ಮೆಚ್ಚಿದರು. ಆ ಮೆಚ್ಚುಗೆ ಬೇಸರ ತಂದಿತು. ಮುದ್ದೆ ತಿಂದಾಗಲೇ ಆಗಿಹೋದದ್ದನ್ನು ಮತ್ತೆ ಹೇಳಿದರೆ ಓದುಗರ ಬಾಯಿಗೆ ತುತ್ತಿಟ್ಟಂತೆ.

ಅಷ್ಟರಲ್ಲಿ ಹಿಂದೆ ಕೂತಿದ್ದ ಹೆಂಗಸೊಬ್ಬರು ಕೇಳಿದರು, “ಹಾಗಾದ್ರೆ ನಾಳೆಯಿಂದ ಅವಳು ಕಡ್ಡಿ ಎಲ್ಲಿ ಆರಿಸ್ತಾಳಮ್ಮ? ಹಸಿ ಅಂತ ದುಡ್ಡು ಹಿಡಿದ್ರು ಅಂದ್ಮೇಲೆ ಇನ್ನು ಹೊರಗೆ ಹಾಕಲ್ಲ.”

ಅಲ್ಲಿಯವರೆಗೆ ಇದು ಯಾರಿಗೂ ಹೊಳೆದಿರಲಿಲ್ಲ. ಹುಡುಗಿ ಮಡಿಸಿದ್ದ ಹಾಳೆ ಬಿಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು.

“ಒಳಗೇ ಹರಡ್ತಾಳೆ,” ಅಂದಳು. “ಬಾಗಿಲ ಹತ್ರ. ಅವನು ಮಲಗೋ ಜಾಗದಲ್ಲಿ.”

ಪೆನ್ನು ತೆಗೆದು ಕೊನೆಯ ಸಾಲು ಹೊಡೆದುಹಾಕಿದಳು.