ಕಿತ್ತುಹಾಕಿದ ‘ಅಂತೆ’ಗಳು

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಈಮ್ ಎಂಬ ಹಳ್ಳಿಯ ಕುರಿತ ಲೇಖನವೊಂದನ್ನು ತಿದ್ದುವ ಕೆಲಸ 2020ರ ಲಾಕ್‌ಡೌನ್ ದಿನಗಳಲ್ಲಿ ನನ್ನ ಪಾಲಿಗೆ ಬಂತು. ಆಗ ನಾನು ಮಾಸಪತ್ರಿಕೆಯೊಂದರ ಉಪಸಂಪಾದಕ. 1665ರಲ್ಲಿ ಲಂಡನ್ನಿನಿಂದ ಬಂದ ಬಟ್ಟೆಯ ಪೆಟ್ಟಿಗೆಯೊಡನೆ ಪ್ಲೇಗು ಊರು ಹೊಕ್ಕಿತಂತೆ, ಒದ್ದೆಯಾಗಿದ್ದ ಆ ಬಟ್ಟೆಯನ್ನು ದರ್ಜಿಯ ಕೆಲಸದಾಳು ಜಾರ್ಜ್ ವಿಕರ್ಸ್ ಬೆಂಕಿಯ ಮುಂದೆ ಹರವಿದನಂತೆ ಎಂದು ಲೇಖಕರು ಬರೆದಿದ್ದರು. ‘ಅಂತೆ’ ಆಡುಮಾತಿನದು, ಅಚ್ಚಿಗೆ ಒಗ್ಗದು ಎಂಬ ಹಮ್ಮಿನಲ್ಲಿ ನಾನು ಕಂಡಕಂಡಲ್ಲೆಲ್ಲ ಅದನ್ನು ಕಿತ್ತುಹಾಕಿದೆ. ಭಾಷೆಯೇನೋ ಬಿಗಿಯಾಯಿತು.

ಕರಡಚ್ಚು ಓದಿದ ಸಂಪಾದಕರು ನನ್ನನ್ನು ಕರೆದು, “ಬಟ್ಟೆ ಹರವಿದ್ದನ್ನು ಯಾರು ನೋಡಿ ಬರೆದಿಟ್ಟರು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆಯಿಂದ ಲೇಖನದ ಒಂದೊಂದು ವಾಕ್ಯಕ್ಕೂ ಆಧಾರ ಹುಡುಕುತ್ತ ಕುಳಿತೆ.

ವಿಕರ್ಸ್ 1665ರ ಸೆಪ್ಟೆಂಬರ್ 7ರಂದು ಸಮಾಧಿಯಾದದ್ದು ಚರ್ಚಿನ ದಾಖಲೆ ಪುಸ್ತಕದಲ್ಲಿದೆ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್, ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯೊಡನೆ ಸೇರಿ ಯಾರೂ ಊರಿನ ಗಡಿ ದಾಟಬಾರದೆಂದು ಜನರನ್ನು ಒಪ್ಪಿಸಿದ್ದು, ಪ್ರಾರ್ಥನೆಯನ್ನು ಚರ್ಚಿನೊಳಗಿನಿಂದ ಕಕ್‌ಲೆಟ್ ಡೆಲ್ಫ್ ಎಂಬ ಕಣಿವೆಯ ಬಯಲಿಗೆ ಸಾಗಿಸಿದ್ದು, ಮನೆಯವರ ಹೆಣವನ್ನು ಮನೆಯವರೇ ಹೂಳುವಂತಾದದ್ದು ಇವೆಲ್ಲ ಬಹುಮಟ್ಟಿಗೆ ಗಟ್ಟಿಯಾದ ಸಂಗತಿಗಳು. ಮಾಂಪೆಸನ್‌ನ ಹೆಂಡತಿ ಕ್ಯಾಥರೀನಳೂ 1666ರ ಆಗಸ್ಟ್‌ನಲ್ಲಿ ತೀರಿಕೊಂಡಳು. ಆಕೆಯ ಗೋರಿ ಚರ್ಚಿನ ಅಂಗಳದಲ್ಲಿ ಈಗಲೂ ಇದೆ. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ, ಹೊರಗಿನವರು ತಂದಿಟ್ಟ ದಿನಸಿಯ ಹಣವನ್ನು ಅದರಲ್ಲಿ ಅದ್ದಿಡುತ್ತಿದ್ದರು ಎಂಬುದನ್ನು ಆ ಕಲ್ಲನ್ನು ತೋರಿಸಿಯೇ ಇಂದಿಗೂ ಹೇಳುತ್ತಾರೆ.

ಸತ್ತವರು ಸುಮಾರು 260 ಮಂದಿ ಎಂಬುದು ರೂಢಿಯ ಲೆಕ್ಕ. ಆದರೆ ಊರಿನಲ್ಲಿದ್ದವರೇ 350 ಮಂದಿ, ಉಳಿದವರು 83 ಎಂದು ನಾನು ಖಚಿತವಾಗಿ ಬರೆದಿದ್ದ ಮಾತು ನಿಲ್ಲಲಿಲ್ಲ. ಜನಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿತ್ತೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಹಾಗಾದರೆ ಸತ್ತವರ ಪಾಲೇ ಬೇರೆಯಾಗುತ್ತದೆ.

ನನಗೆ ಕಷ್ಟವಾದದ್ದು ಆ ಊರಿನ ಹುಡುಗಿ ಎಮಟ್ ಸಿಡಲ್‌ಳ ಕಥೆ. ಆಕೆಯ ಸಾವು ದಾಖಲೆಯಲ್ಲಿದೆ. ಪಕ್ಕದ ಊರು ಸ್ಟೋನಿ ಮಿಡಲ್‌ಟನ್ನಿನ ಅವಳ ಪ್ರಿಯಕರ ರೋಲೆಂಡ್, ಕಣಿವೆಯ ಆಚೆ ದಡದಲ್ಲಿ ನಿಂತು, ಮಾತಾಡದೆ ದೂರದಿಂದಲೇ ಅವಳನ್ನು ನೋಡಿ ಹೋಗುತ್ತಿದ್ದದ್ದು, ಅವಳು ಬರುವುದು ನಿಂತ ಮೇಲೂ ಬರುತ್ತಲೇ ಇದ್ದದ್ದು ಮಾತ್ರ ಊರವರ ಬಾಯಿಂದ ಬಾಯಿಗೆ ಬಂದದ್ದು. ಇದನ್ನು ತೆಗೆದುಬಿಡೋಣವೇ ಎಂದು ಕೇಳಿದೆ. “ತೆಗೆಯಬೇಡ, ಮೂರೂವರೆ ಶತಮಾನ ಕಳೆದರೂ ಆ ಊರು ಮರೆಯದೆ ಹೇಳಿಕೊಂಡು ಬಂದಿದೆಯಲ್ಲ, ಅದೂ ಸುದ್ದಿಯೇ” ಎಂದರು ಸಂಪಾದಕರು. ವಿಕರ್ಸ್ ಬಟ್ಟೆ ಹರವಿದ ವಾಕ್ಯದ ಕೊನೆಗೂ, ರೋಲೆಂಡ್ ಕಾದು ನಿಂತ ವಾಕ್ಯದ ಕೊನೆಗೂ ಲೇಖಕರ ‘ಅಂತೆ’ಯನ್ನು ಕೆಂಪು ಶಾಯಿಯಲ್ಲಿ ಮರಳಿ ಬರೆದು ಪುಟವನ್ನು ಅಚ್ಚಿಗೆ ಕಳಿಸಿದೆ.