ಫೋನಿನಲ್ಲಿ ಹಕ್ಕಿ ಕರೆಯುವುದನ್ನು ಬಿಟ್ಟೆ

ಕಾರವಾರದಿಂದ ಕದ್ರಾ ದಾಟಿ ಅಣಶಿ ಘಟ್ಟಕ್ಕೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಡ್ರೈವರ್ರೂ ನಾನೇ, ಗೈಡೂ ನಾನೇ. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಭಾಗ. ಜಾಸ್ತಿ ಜನ ಕೇಳುವುದು ಕರಿಚಿರತೆಯನ್ನು. ಕ್ಯಾಮೆರಾ ಹೊತ್ತು ಬರುವವರು ಕೇಳುವುದು ನವರಂಗವನ್ನು.

ಮೈನಾಕ್ಕಿಂತ ಚಿಕ್ಕ ಹಕ್ಕಿ ಅದು. ಮೋಟು ಬಾಲ, ಹಸಿರು ಬೆನ್ನು, ಕಣ್ಣಿನ ಮೇಲೆ ದಪ್ಪ ಕಪ್ಪು ಪಟ್ಟೆ, ಬಾಲದ ಬುಡದಲ್ಲಿ ಕೆಂಪು. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮರಿ ಮಾಡಿ, ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಬರುತ್ತದೆ. ಹಾರುವುದು ರಾತ್ರಿ. ಅಷ್ಟು ದೂರದಿಂದ ಬಂದು ಸುಸ್ತಾಗಿ ಮನೆಯಂಗಳದಲ್ಲಿ ಬಿದ್ದಿರುವುದೂ ಉಂಟು.

ಮೊದಲೆಲ್ಲ ಅದರ ಕೂಗನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೆ. ಎರಡೇ ಸ್ವರದ ಸಿಳ್ಳೆ. ಹಾಕಿದರೆ ಹಕ್ಕಿ ಪೊದೆಯಿಂದ ಹೊರಗೆ ಬರುತ್ತಿತ್ತು, ಗೆಸ್ಟ್‌ಗೆ ಫೋಟೋ ಸಿಗುತ್ತಿತ್ತು. ನಾನು ಒಳ್ಳೆ ಗೈಡ್ ಅನ್ನಿಸಿಕೊಳ್ಳುತ್ತಿದ್ದೆ.

ಒಂದು ಡಿಸೆಂಬರ್‌ನಲ್ಲಿ ಜೋಯಿಡಾ ಕಡೆಯ ಹೋಂಸ್ಟೇ ಒಂದರ ಹಿತ್ತಲಲ್ಲಿ ಮೂವರು ಗೆಸ್ಟ್‌ಗಳಿಗಾಗಿ ಮತ್ತೆ ಮತ್ತೆ ಕೂಗು ಹಾಕಿದೆ. ಹಕ್ಕಿ ಬಂತು, ಕೊಂಬೆ ಮೇಲೆ ನಿಂತು ಕತ್ತು ಹಿಂದಕ್ಕೆ ಎತ್ತಿ ಕೂಗಿತು, ಹೋಯಿತು, ಮತ್ತೆ ಬಂತು. ಗೆಸ್ಟ್‌ಗಳಿಗೆ ಖುಷಿಯೋ ಖುಷಿ. ಪಾತ್ರೆ ತೊಳೆಯುತ್ತಿದ್ದ ಮನೆಯ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ದಿನಾ ಈ ಹೊತ್ತಿಗೆ ಅದು ದರಕು ಕೆದರಿ ಹುಳ ಹೆಕ್ತದೆ. ಇವತ್ತು ಒಂದೂ ಹೆಕ್ಕಿಲ್ಲ, ನೋಡ್ತಾ ಇದ್ದೆ." ದರಕು ಅಂದರೆ ನೆಲಕ್ಕೆ ಬಿದ್ದ ಒಣ ಎಲೆ.

ನಾನೂ ಅಲ್ಲೇ ಇದ್ದೆನಲ್ಲ, ನನಗೇಕೆ ಕಾಣಲಿಲ್ಲ? ಚಳಿಗಾಲದಲ್ಲೂ ನವರಂಗ ತನ್ನ ಜಾಗ ಕಾಯುತ್ತದೆ. ಫೋನಿನ ಸಿಳ್ಳೆ ಕೇಳಿದರೆ ಬೇರೆ ನವರಂಗ ಒಳಗೆ ನುಗ್ಗಿದೆ ಅಂತ ಜಗಳಕ್ಕೆ ಬರುತ್ತದೆ, ಸುಮ್ನೆ ಮುಖ ತೋರಿಸಲು ಅಲ್ಲ. ವಾಪಸ್ ಹಾರಲು ಮೈಯಲ್ಲಿ ಕೊಬ್ಬು ಬೇಕು. ಆ ಕೊಬ್ಬು ದರಕಿನ ಕೆಳಗಿನ ಹುಳದಿಂದಲೇ ಬರಬೇಕು, ಅಲ್ವಾ?

ಅಂದು ರಾತ್ರಿಯೇ ರೆಕಾರ್ಡಿಂಗ್ ಅಳಿಸಿದೆ. ಈಗ ಬುಕಿಂಗ್ ಮಾಡುವಾಗಲೇ ಹೇಳುತ್ತೇನೆ: ಕೂಗು ಹಾಕಲ್ಲ, ಹಕ್ಕಿ ಸಿಗುತ್ತೆ ಅಂತ ಮಾತೂ ಕೊಡಲ್ಲ. ಮಳೆಗಾಲದಲ್ಲಿ ಗೂಡು ಮಾಡಲು ಬರುವ ಪುಟ್ಟ ಮಿಂಚುಳ್ಳಿಯದೂ ಅಷ್ಟೇ. ಹಳ್ಳದ ದಂಡೆಯಲ್ಲಿರುವ ಗೂಡಿನ ತೂತಿನ ಎದುರು ಜನ ನಿಂತರೆ ತಾಯಿಹಕ್ಕಿ ಬಾಯಲ್ಲಿ ಆಹಾರ ಹಿಡಿದು ದೂರದಲ್ಲೇ ಕೂತಿರುತ್ತದೆ, ಮರಿ ಹಸಿದಿರುತ್ತದೆ. ಗೂಡಿನ ಹತ್ತಿರ ಯಾರನ್ನೂ ಕರೆದೊಯ್ಯುವುದಿಲ್ಲ. ಕೆಲವರು ಬೇರೆ ಗೈಡ್ ಹುಡುಕಿಕೊಂಡರು. ಬೇಸರವಾಯಿತು, ಆದರೂ ಬದಲಾಯಿಸಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಅಪ್ಪ, ಮಗಳು ಬಂದಿದ್ದರು. ಅದೇ ಹಿತ್ತಲಲ್ಲಿ, ಬೆಳಿಗ್ಗೆ ಆರೂವರೆಗೆ, ಅಲುಗಾಡದೆ ಕೂತೆವು. ಮುಕ್ಕಾಲು ಗಂಟೆಯ ಮೇಲೆ ದರಕಿನಲ್ಲಿ ಚರಪರ ಸದ್ದು. ನವರಂಗ ಕುಪ್ಪಳಿಸುತ್ತಾ ಬಂತು, ಕೊಕ್ಕಿನಿಂದ ಎಲೆಯೊಂದನ್ನು ಪಕ್ಕಕ್ಕೆ ಎಸೆಯಿತು, ಎರೆಹುಳ ಎಳೆದು ನುಂಗಿತು. ಆ ಹುಡುಗಿ ಕ್ಯಾಮೆರಾ ಎತ್ತಲೇ ಇಲ್ಲ. ಅಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡು ನೋಡುತ್ತಾ ಕೂತಳು.